ಒಂದೂವರೆ ಮೊಳ

ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆ ಖಜೂರಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ದೊಡ್ಡವ್ವನ ಫೋಟೊ ತೆಗೆಯಬೇಕೆಂದು ಕೂತೆ. ಮರುದಿನ ಹೊಲಕ್ಕೆ ಒಯ್ಯುವ ಸಜ್ಜಿ ರೊಟ್ಟಿ ಬಡಿದು ಮುಗಿಸಿ, ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಒಳಗಿನಿಂದ ಬಂದಳು. ಬಾಗಿಲಲ್ಲಿ ಓರೆಯಾಗಿ ಬೀಳುತ್ತಿದ್ದ ಬಿಸಿಲು ಅವಳ ಮುಖದ ಒಂದು ಮಗ್ಗುಲಿಗೆ ತಾಗಿತ್ತು. ಅಂಥ ಬೆಳಕು ಐದು ನಿಮಿಷ ನಿಂತರೆ ಹೆಚ್ಚು. ನಾನು ಕ್ಯಾಮೆರಾ ಕಣ್ಣಿಗಿಟ್ಟು ಫೋಕಸ್ ಉಂಗುರ ತಿರುಗಿಸುತ್ತಿದ್ದೆ. ಅವಳು ಮಾತಾಡುತ್ತ ಮಾತಾಡುತ್ತ ಮುಂದೆ ಮುಂದೆ ಬರುತ್ತಿದ್ದಳು. ಉಂಗುರ ಟಕ್ಕೆಂದು ನಿಂತುಬಿಟ್ಟಿತು.

“ದೊಡ್ಡವ್ವಾ, ಒಂದೀಟು ಹಿಂದ ಸರಿ.”

“ಹಿಂದ ಯಾಕ ಸರೀಲಿ? ನೀ ಏನಂತಿ ಅಂಬೋದು ನನಗ ಕೇಳಸಬ್ಯಾಡೇನು?”

ಕಿವಿ ಈಚೆಗೆ ಮಂದವಾಗಿದೆ. ಮಾತಾಡುವಾಗ ಎದುರಿನವರ ಗದ್ದ ಹಿಡಿಯುವಷ್ಟು ಸಮೀಪ ಬರುವುದು ಅವಳ ರೂಢಿ. ಕಿವಿ ನೆಟ್ಟಗಿದ್ದಾಗಲೂ ಹಾಗೇ ಬರುತ್ತಿದ್ದಳು ಅನ್ನಿ. ನನ್ನ ಕ್ಯಾಮೆರಾಕ್ಕೆ ಮಾತ್ರ 0.7 ಮೀಟರಿಗಿಂತ ಹತ್ತಿರದ್ದು ಯಾವುದೂ ಆಗಿಬರುವುದಿಲ್ಲ. ಅದಕ್ಕಿಂತ ಮುಂದೆ ಬಂದವರ ಮುಖ ಮಬ್ಬು. ಕಾಕಾ ಗೋಡೆಗೊರಗಿ ಕೂತು ನಮ್ಮ ಜಗಳ ನೋಡುತ್ತಿದ್ದರು. 0.7 ಮೀಟರ್ ಅಂದರೆ ಎಷ್ಟು ಅಂತ ಕೇಳಿದರು. ನಾನು ಕೈ ಚಾಚಿ ತೋರಿಸಿದೆ. ಅವರು ತಮ್ಮ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಗಾಳಿಯಲ್ಲೇ ಒಂದು ಸಲ ಅಳೆದು, ಮೇಲೆ ಅದರರ್ಧ ಕೂಡಿಸಿ, “ಒಂದೂವರೆ ಮೊಳ” ಅಂದರು. ಮೊಳ ಹದಿನೆಂಟು ಇಂಚು. ಒಂದೂವರೆ ಅಂದರೆ ಇಪ್ಪತ್ತೇಳು. ಸೆಂಟಿಮೀಟರಿನಲ್ಲಿ ಅರವತ್ತೆಂಟೂವರೆ. ಕಾಕಾ ತಪ್ಪಿದ್ದು ಒಂದೂವರೆ ಸೆಂಟಿಮೀಟರ್ ಮಾತ್ರ.

ನನ್ನದು ರೇಂಜ್‌ಫೈಂಡರ್ ಜಾತಿಯ ಡಿಜಿಟಲ್ ಕ್ಯಾಮೆರಾ. ಸೆಕೆಂಡ್ ಹ್ಯಾಂಡ್. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ ಬೆಲೆ ಕೇಳುತ್ತಾರೆ, ಬೆಲೆ ಹೇಳಿದರೆ ಮನೆಯವರು ಓದುತ್ತಾರೆ. ಊರಿನ ಹುಡುಗರು ಇದನ್ನು ನೋಡಿದ ತಕ್ಷಣ “ರೀಲ್ ಹಾಕೋದೇನ್ರಿ ಸರ?” ಅನ್ನುತ್ತಾರೆ. ಹಿಂದಿನ ಪುಟ್ಟ ಪರದೆ ತೋರಿಸಿದರೆ ಅವರ ಗೊಂದಲ ಇನ್ನೂ ಹೆಚ್ಚುತ್ತದೆ. ಪರದೆ ಇದೆ, ಆದರೆ ಅದರಲ್ಲಿ ನೋಡಿಕೊಂಡು ಫೋಟೊ ತೆಗೆಯಲಾಗದು. ವಿಡಿಯೊ ಇಲ್ಲ. ತಾನಾಗಿ ಫೋಕಸ್ ಮಾಡುವುದಿಲ್ಲ. ಜೂಮ್ ಇಲ್ಲ. “ಮತ್ತೇನದ ಇದ್ರಾಗ?” ಎಂದು ಕೇಳಿದ ಹುಡುಗನಿಗೆ ಕೊಡಲು ನನ್ನ ಹತ್ತಿರ ಇವತ್ತಿಗೂ ಒಂದು ಸಾಲಿನ ಉತ್ತರ ಸಿಕ್ಕಿಲ್ಲ.

ಉದ್ದನೆಯ ಉತ್ತರ ಇದೆ. ಮದುವೆ ಮನೆಯ ಕ್ಯಾಮೆರಾಗಳಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ. ಲೆನ್ಸ್ ಕಂಡದ್ದೇ ನಮಗೂ ಕಾಣುತ್ತದೆ. ರೇಂಜ್‌ಫೈಂಡರಿನಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಕ್ಯಾಮೆರಾದ ಮುಖದ ಮೇಲೆ ಎರಡು ಸಣ್ಣ ಕಿಟಕಿಗಳು ಒಂದರಿಂದೊಂದು ದೂರದಲ್ಲಿರುತ್ತವೆ. ಎಷ್ಟು ದೂರವೆಂದರೆ ಹೆಚ್ಚುಕಡಿಮೆ ನಮ್ಮ ಎರಡು ಕಣ್ಣುಗಳ ನಡುವಿನಷ್ಟು. ಒಂದು ಕಿಟಕಿಯಿಂದ ನೋಟ ನೇರ ಬರುತ್ತದೆ, ಇನ್ನೊಂದರಿಂದ ಬಂದ ನೋಟ ಮೊದಲನೆಯದರ ನಟ್ಟನಡುವೆ ಒಂದು ಚಿಕ್ಕ ಚೌಕವಾಗಿ ಬಂದು ಕೂರುತ್ತದೆ. ಆ ಚೌಕದೊಳಗೆ ಎಲ್ಲವೂ ಜೋಡಿ. ದೊಡ್ಡವ್ವನಿಗೆ ಎರಡು ಮೂಗು, ಎರಡು ಮೂಗುಬಟ್ಟು. ಉಂಗುರ ತಿರುಗಿಸುತ್ತ ಹೋದರೆ ಎರಡನೆಯ ಮೂಗು ಸರಿಯುತ್ತ ಬಂದು ಮೊದಲನೆಯದರ ಮೇಲೆ ಕೂರುತ್ತದೆ. ಎರಡು ಒಂದಾದ ಕ್ಷಣಕ್ಕೆ ಫೋಕಸ್ ಸರಿಯಾಯಿತೆಂದು ಲೆಕ್ಕ. ಚೌಕದ ಹೊರಗೆ ಮಾತ್ರ ಜಗತ್ತೆಲ್ಲ ಸದಾ ನಿಚ್ಚಳ. ಬೇವಿನ ಗಿಡ, ಕಟ್ಟೆ, ಹಗ್ಗದ ಮೇಲೆ ಒಣಹಾಕಿದ ಸೀರೆ, ಎಲ್ಲವೂ ಸ್ಪಷ್ಟ. ನಾನು ತಪ್ಪು ಮಾಡಿದ್ದೇನೆ ಎಂದು ಈ ಕಿಂಡಿ ಒಮ್ಮೆಯೂ ಹೇಳುವುದಿಲ್ಲ.

ಲೆನ್ಸಿನ ಮುಚ್ಚಳ ತೆಗೆಯದೆ ತಾಸುಗಟ್ಟಲೆ ಫೋಟೊ ತೆಗೆದವರು ಈ ಕ್ಯಾಮೆರಾ ಹಿಡಿದವರಲ್ಲೇ ಹೆಚ್ಚು. ಮುಚ್ಚಳ ಇದ್ದರೂ ಕಿಂಡಿಯಲ್ಲಿ ಎಲ್ಲ ಕಾಣುತ್ತಿರುತ್ತದಲ್ಲ! ನಾನೂ ಒಮ್ಮೆ ಒಂದು ಸೋಬಾನೆಯ ಮನೆಯಲ್ಲಿ ಹೀಗೇ ಶಟರ್ ಒತ್ತುತ್ತ ಕೂತಿದ್ದೆ. ಹೆಂಗಸರು ನಾಚಿ, ಸೆರಗು ಸರಿಪಡಿಸಿಕೊಂಡು, ಆಮೇಲೆ ಮರೆತು, ಬಾಯ್ತುಂಬ ಹಾಡಿದ್ದರು. ಪರದೆಯಲ್ಲಿ ನೋಡಿದರೆ ಹನ್ನೊಂದು ಚಿತ್ರಗಳೂ ಕಗ್ಗತ್ತಲು. ಆ ಹನ್ನೊಂದನ್ನು ಇನ್ನೂ ಅಳಿಸಿಲ್ಲ.

ಲೆನ್ಸ್ ಬೇರೆ, ಕಿಂಡಿ ಬೇರೆ ಆದದ್ದರಿಂದ ಇನ್ನೊಂದು ಪಜೀತಿ ಇದೆ. ಲೆನ್ಸಿನ ಮೂತಿ ಕಿಂಡಿಯ ಕೆಳಗಿನ ಬಲಮೂಲೆಗೆ ಅಡ್ಡ ಬರುತ್ತದೆ. ಅಲ್ಲಿ ಏನಿದೆಯೋ ನಿಮಗೆ ಗೊತ್ತಿರುವುದಿಲ್ಲ. ನನ್ನ ಖಜೂರಿಯ ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ ಆ ಮೂಲೆಯಲ್ಲಿ ಮೂರು ಕೋಳಿ, ಒಂದು ಪ್ಲಾಸ್ಟಿಕ್ ಕೊಡ, ಆಡಿನ ಹಿಂಭಾಗ, ಮತ್ತೆ ಪಕ್ಕದ ಮನೆಯ ಒಬ್ಬ ಹುಡುಗ ಸಿಗುತ್ತಾರೆ. ಹುಡುಗನನ್ನು ನಾನು ಕರೆದಿರಲಿಲ್ಲ. ಅವನಿಗೆ ಮಾತ್ರ ಯಾವ ಮೂಲೆಯಲ್ಲಿ ನಿಂತರೆ ನನಗೆ ಕಾಣುವುದಿಲ್ಲ ಎಂಬುದು ಹೇಗೋ ಗೊತ್ತಾಗಿದೆ.

ಚೌಕಟ್ಟಿನ ಗೆರೆಗಳೂ ಪೂರ್ತಿ ನಂಬುವಂಥವಲ್ಲ. ಕಿಂಡಿಯಲ್ಲಿ ಬೆಳಕಿನ ಗೆರೆಗಳು ಕಾಣುತ್ತವೆ. ಅವುಗಳೊಳಗೆ ಬಂದದ್ದು ಚಿತ್ರ, ಹೊರಗಿನದು ಬಿಟ್ಟದ್ದು. ಆದರೆ ಗೆರೆಗಳನ್ನು ಹತ್ತಿರದ ಒಂದು ದೂರಕ್ಕೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ದೂರದ್ದನ್ನು ತೆಗೆದರೆ ಗೆರೆ ಹೇಳಿದ್ದಕ್ಕಿಂತ ಹೆಚ್ಚು ಒಳಗೆ ಬಂದುಬಿಡುತ್ತದೆ. ನಮ್ಮೂರು ಗಡಿಯ ಊರು. ಇಲ್ಲಿಂದ ಮುಂದೆ ಉಮರ್ಗಾ ಕಡೆ ಸಾಗಿದರೆ ಮಹಾರಾಷ್ಟ್ರ. ನಡುವೆ ಚೆಕ್‌ಪೋಸ್ಟ್ ಇದೆ, ಗೆರೆಯಿಲ್ಲ. ಸಂತೆಗೆ ಬಂದವರ ಬಾಯಲ್ಲಿ ಕನ್ನಡ ಅರ್ಧ, ಮರಾಠಿ ಕಾಲು, ದಖನಿ ಕಾಲು. ಮನೆ ಒಂದು ಕಡೆ, ಮಗಳನ್ನು ಕೊಟ್ಟದ್ದು ಇನ್ನೊಂದು ಕಡೆ. ಇಂಥಲ್ಲಿ ಬೆಳೆದ ನನಗೆ ಗೆರೆಗಿಂತ ಚಿತ್ರ ದೊಡ್ಡದಾಗಿರುವುದು ಅಂಥ ದೋಷವೆಂದು ಅನಿಸಿಯೇ ಇಲ್ಲ. ಗೆರೆಯಾಚೆ ಕಾಣುವುದು ನನಗೆ ಈ ಕ್ಯಾಮೆರಾದ ದೊಡ್ಡ ಸುಖ. ಮಠದ ಕಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು ಬರುತ್ತಿದ್ದಾಳೆ, ಇನ್ನು ಎರಡು ಹೆಜ್ಜೆಗೆ ಚೌಕಟ್ಟಿನೊಳಗೆ ಬರುತ್ತಾಳೆ ಎಂಬುದು ಮೊದಲೇ ಕಾಣುತ್ತದೆ. ಬರುವವರಿಗಾಗಿ ಕಾಯಬಹುದು.

ಜೋಡಿನೋಟ ಕೂಡಿಸುವುದಕ್ಕೂ ಒಂದು ಹಿಡಿತ ಬೇಕು. ನೆಟ್ಟಗೆ ನಿಂತ ಗೆರೆ ಸಿಕ್ಕರೆ ಸುಲಭ: ಬಾಗಿಲ ಚೌಕಟ್ಟು, ತೊಗರಿ ಕಟ್ಟಿಗೆ, ಸೀರೆಯ ಅಂಚು. ಬೋಳು ಗೋಡೆ ಕೊಟ್ಟರೆ ಅದಕ್ಕೆ ಹಿಡಿಯಲು ಏನೂ ಸಿಗದು. ಎಲ್ಲಕ್ಕಿಂತ ಹೆಚ್ಚಿನ ಮೋಸ ಒಂದೇ ಥರದ ಗೆರೆಗಳು ಸಾಲಾಗಿ ಬರುವಲ್ಲಿ. ದನದ ಕೊಟ್ಟಿಗೆಯ ಗೆರೆಗೆರೆ ತಗಡಿನ ಮುಂದೆ ಕಾಕಾರನ್ನು ನಿಲ್ಲಿಸಿ ತಗಡಿಗೆ ಫೋಕಸ್ ಮಾಡಲು ಹೋದೆ. ಒಂದು ಉಬ್ಬಿನ ನೋಟ ಪಕ್ಕದ ಉಬ್ಬಿನ ಮೇಲೆ ಎಷ್ಟು ಚಂದ ಕೂತಿತೆಂದರೆ ಸರಿಯಾಯಿತೆಂದೇ ಅಂದುಕೊಂಡೆ. ಬಿಳಿಜೋಳದ ಹೊಲದ ಸಾಲುಗಳಲ್ಲೂ ಹೀಗೇ. ಯಾವ ದಂಟು ಯಾವುದರ ಜೋಡಿ ಎಂದು ಗುರುತಿಸಲಾಗದು. ಇದಕ್ಕೆ ಚಾಳೀಸು ಬಂದ ಕಣ್ಣು ಸೇರಿದರೆ ಮುಗಿಯಿತು. ಕನ್ನಡಕ ಹಾಕಿದರೆ ಅದು ಕಿಂಡಿಗೆ ತಾಗಿ ಗೆರೆಗಳ ಅಂಚು ಕಾಣದು. ತೆಗೆದರೆ ಎರಡು ಒಂದಾಯಿತೋ ಇಲ್ಲವೋ ಎಂದು ಕಣ್ಣು ಆಣೆ ಮಾಡಿ ಹೇಳಲೊಲ್ಲದು.

ಇಷ್ಟೆಲ್ಲ ತಕರಾರಿನ ಯಂತ್ರವನ್ನು ಜಗತ್ತು ಯಾಕೆ ಇಷ್ಟು ಹಚ್ಚಿಕೊಂಡಿತು? ಅದು ಸಣ್ಣದು, ಸದ್ದಿಲ್ಲದ್ದು. ಒಳಗೆ ಮೇಲಕ್ಕೆದ್ದು ಬೀಳುವ ಕನ್ನಡಿ ಇಲ್ಲ. ಜರ್ಮನಿಯ ಲೈಟ್ಸ್ ಕಂಪನಿ 1925ರಲ್ಲಿ ಲೈಕಾ ಎಂಬ, ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಮಾರಲು ಶುರು ಮಾಡಿತು, 1932ರಲ್ಲಿ ದೂರ ಅಳೆಯುವ ಕಿಟಕಿಯನ್ನು ಕ್ಯಾಮೆರಾದೊಳಗೇ ಇಟ್ಟಿತು, 1954ರಲ್ಲಿ ನೋಡುವುದನ್ನೂ ಅಳೆಯುವುದನ್ನೂ ಒಂದೇ ಕಿಂಡಿಗೆ ತಂದಿತು. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸ್ಸನ್ ಇಂಥದ್ದೊಂದು ಲೈಕಾ ಹಿಡಿದು ಭಾರತಕ್ಕೆ ಬಂದವನು. 1948ರ ಜನವರಿ 30ರಂದು ಗಾಂಧಿಯವರನ್ನು ಕಂಡು ಹೋಗಿದ್ದ. ಅದೇ ರಾತ್ರಿ ಬಿರ್ಲಾ ಭವನದ ಗೇಟಿನ ಮೇಲೇರಿ ನೆಹರೂ ಸಾವಿನ ಸುದ್ದಿ ಹೇಳುತ್ತಿದ್ದಾಗ ಅಲ್ಲಿದ್ದ. ಆ ಚಿತ್ರ ನಿಚ್ಚಳವಾಗಿಲ್ಲ. ಬೆಳಕಿಲ್ಲ, ಎಲ್ಲ ಅಲುಗಿದೆ. ಆದರೂ ಆ ರಾತ್ರಿಯ ಬೇರೆ ಯಾವ ಚಿತ್ರವೂ ನನ್ನನ್ನು ಅಷ್ಟು ಹಿಡಿದಿಲ್ಲ. ನನ್ನ ಮಬ್ಬು ಚಿತ್ರಗಳನ್ನು ಸಮರ್ಥಿಸಿಕೊಳ್ಳಲು ಈ ಉದಾಹರಣೆಯನ್ನು ನಾನು ಹಲವು ಸಲ ಬಳಸಿದ್ದೇನೆ. ಬಳಸಬಾರದು. ಅವನಿಗೆ ಬೆಳಕಿರಲಿಲ್ಲ, ನನಗಿದ್ದದ್ದು ಕಲಬುರಗಿ ಜಿಲ್ಲೆಯ ಬಿಸಿಲು.

ಫಿಲ್ಮು ಇದ್ದಾಗ ಈ ಯಂತ್ರದ ತಪ್ಪುಗಳು ಅರ್ಧಕ್ಕರ್ಧ ಮುಚ್ಚಿಹೋಗುತ್ತಿದ್ದವು. ಫಿಲ್ಮಿಗೆ ತುಸು ದಪ್ಪ ಇದೆ, ಅಂಚೆಕಾರ್ಡಿನಷ್ಟು ಪ್ರಿಂಟ್ ಹಾಕಿಸುತ್ತಿದ್ದೆವು, ಯಾರೂ ಭೂತಗನ್ನಡಿ ಹಿಡಿದು ನೋಡುತ್ತಿರಲಿಲ್ಲ. ಫಿಲ್ಮಿನ ಜಾಗಕ್ಕೆ ಬಂದ ಸೆನ್ಸರ್ ಗಾಜಿನಂತೆ ಚಪ್ಪಟೆ. ಈಗ ಪ್ರತಿ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಹಿಗ್ಗಿಸಿ ರೆಪ್ಪೆಗೂದಲು ಎಣಿಸುತ್ತೇವೆ. ಎರಡು ಬೆರಳಿನ ತಪ್ಪು ಕೂಡ ಸಿಕ್ಕಿಬೀಳುತ್ತದೆ.

ರೇಂಜ್‌ಫೈಂಡರ್ ಡಿಜಿಟಲ್ ಆಗುವುದಕ್ಕೇ ತಡವಾಯಿತು. ಮೊದಲನೆಯದು 2004ರಲ್ಲಿ ಬಂದ ಎಪ್ಸನ್ ಆರ್-ಡಿ1. ಆರು ಮೆಗಾಪಿಕ್ಸೆಲ್. ರೀಲ್ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಮುನ್ನ ಹೆಬ್ಬೆರಳಿನಿಂದ ಲಿವರ್ ಎಳೆಯಬೇಕು, ಶಟರ್ ಬಿಗಿಯಾಗುವುದು ಹಾಗೆ. ಎಷ್ಟು ಚಿತ್ರ ಉಳಿದಿವೆ, ಬ್ಯಾಟರಿ ಎಷ್ಟಿದೆ ಎಂಬುದನ್ನು ತಲೆಯ ಮೇಲಿನ ಗಡಿಯಾರದಂಥ ಮುಳ್ಳುಗಳು ತೋರಿಸುತ್ತವೆ. 2006ರಲ್ಲಿ ಲೈಕಾ ಎಂ8 ಬಂತು. ಅದರ ಕಥೆ ರಸವತ್ತಾದದ್ದು. ಈ ಜಾತಿಯಲ್ಲಿ ಕನ್ನಡಿ ಇಲ್ಲದ್ದರಿಂದ ಲೆನ್ಸ್ ಸೆನ್ಸರಿಗೆ ಬಹಳ ಸಮೀಪ ಕೂರುತ್ತದೆ. ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ ಇಲ್ಲಿ 27.8 ಮಿಲಿಮೀಟರ್, ಕನ್ನಡಿ ಇರುವ ನಿಕಾನಿನಲ್ಲಿ 46.5. ಅಷ್ಟು ಸಮೀಪದಿಂದ ಬರುವ ಬೆಳಕು ಮೂಲೆಗಳಿಗೆ ತೀರ ಓರೆಯಾಗಿ ಬೀಳುತ್ತದೆ, ಮೂಲೆ ಕಪ್ಪಾಗುತ್ತದೆ, ಬಣ್ಣ ಕೆಡುತ್ತದೆ. ಅದನ್ನು ತಪ್ಪಿಸಲು ಸೆನ್ಸರಿನ ಮೇಲಿನ ಗಾಜನ್ನು ತೆಳ್ಳಗೆ ಮಾಡಿದರು. ತೆಳ್ಳಗಾದದ್ದರಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಒಳಗೆ ನುಸುಳಿತು. ನೈಲಾನ್, ಪಾಲಿಯೆಸ್ಟರಿನಂಥ ಕಪ್ಪು ಬಟ್ಟೆಗಳು ಆ ಬೆಳಕನ್ನು ಧಾರಾಳ ಪ್ರತಿಫಲಿಸುತ್ತವೆ. ಕಪ್ಪು ಕೋಟಿನ ಮದುಮಗ ನೇರಳೆ ಬಣ್ಣದಲ್ಲಿ ಬಂದ! ಕೊನೆಗೆ ಕಂಪನಿಯೇ ಕೊಂಡವರಿಗೆಲ್ಲ ತಲಾ ಎರಡು ಫಿಲ್ಟರ್ ಉಚಿತವಾಗಿ ಕೊಟ್ಟಿತು. ಒಂದು ಗುಣ ಉಳಿಸಿಕೊಳ್ಳಲು ಹೋಗಿ ಇನ್ನೊಂದು ಬಿಟ್ಟುಕೊಟ್ಟ ಇಂಥ ಲೆಕ್ಕಾಚಾರ ನನಗೆ ಇಷ್ಟ. ಅದರ ಹಿಂದೆ ಕೂತು ತಲೆ ಕೆರೆದುಕೊಂಡ ಮನುಷ್ಯರು ಕಾಣುತ್ತಾರೆ.

ನನ್ನದಕ್ಕೆ ಆ ಕಾಯಿಲೆ ಇಲ್ಲ. ಅದರ ಕಾಯಿಲೆ ನಮ್ಮ ಎರೆಮಣ್ಣು. ಲೆನ್ಸ್ ಬದಲಿಸುವಾಗ ಒಂದು ಉಸಿರಿನಷ್ಟು ಹೊತ್ತು ಒಳಭಾಗ ತೆರೆದಿರುತ್ತದೆ, ಅಷ್ಟು ಸಾಕು. ತೊಗರಿ ರಾಶಿ ಮಾಡುವ ದಿನಗಳಲ್ಲಂತೂ ಮಷೀನಿನಿಂದ ಎದ್ದ ಹೊಟ್ಟಿನ ಧೂಳು ಊರಿನ ಮೇಲೆ ಮೋಡದ ಹಾಗೆ ನಿಂತಿರುತ್ತದೆ. ಅಪರ್ಚರನ್ನು ಅಗಲ ತೆರೆದಾಗ ಆ ಧೂಳಿನ ಕಣ ಕಾಣುವುದಿಲ್ಲ. 16ಕ್ಕೆ ಕಿರಿದು ಮಾಡಿ ಆಕಾಶ ತೆಗೆದರೆ ಕರಿಚುಕ್ಕೆಗಳಾಗಿ ಎದ್ದು ಬರುತ್ತವೆ. ಕಾಕಾ ನನ್ನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ, “ನಿನ್ನ ಆಕಾಶದಾಗ ಹದ್ದು ಭಾಳ ಹಾರ್ಲತ್ತಾವಲ್ಲೋ” ಅಂದರು. ಇನ್ನೂ ನಾಲ್ಕು ಚಿತ್ರ ನೋಡಿ, “ಎಲ್ಲಾ ಕಡೆ ಒಂದೇ ಜಾಗದಾಗ ಹಾರ್ಲತ್ತಾವ” ಎಂದೂ ಕೂಡಿಸಿದರು. ರಬ್ಬರ್ ಬುಡ್ಡಿಯಿಂದ ಗಾಳಿ ಊದಿ ಊದಿ ಮೂರು ಹದ್ದು ಓಡಿಸಿದೆ. ಒಂದು ಮೇಲೆ ಬಲಗಡೆ ಇನ್ನೂ ಇದೆ.

ಬೇಸಿಗೆಯ ಕಾಯಿಲೆ ಬೇರೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ, ಮಾಳಿಗೆ ಮನೆಯ ಗೋಡೆ ರಾತ್ರಿ ಹತ್ತಕ್ಕೂ ಬಿಸಿ. ಸೆನ್ಸರ್ ಕಾದಷ್ಟೂ ಬೆಳಕಿಲ್ಲದ ಕಡೆ ಬೆಳಕು ಕಂಡೆನೆನ್ನುತ್ತದೆ. ಮಾಳಿಗೆಯ ಮೇಲೆ ಮಲಗಿ ತೆಗೆದ ಒಂದು ರಾತ್ರಿಯ ಚಿತ್ರದಲ್ಲಿ ನೀಲಿ, ಕೆಂಪು, ಹಸಿರು ನಕ್ಷತ್ರಗಳಿವೆ. ನೀರಿನ ಟಾಕಿಯ ಮೇಲೂ ಇವೆ. ನನ್ನ ಹೊದಿಕೆಯ ಮೇಲೂ.

ಈ ಸಲ ನಿಜವಾಗಿ ಕೆಟ್ಟದ್ದು ಬೇರೆಯೇ. ಆಳಂದದಿಂದ ಬೈಕಿನಲ್ಲಿ ಬರುವಾಗ ಒಂದು ತಗ್ಗಿಗೆ ಇಳಿದು ಎದ್ದ ಹೊಡೆತಕ್ಕೆ ಚೀಲದೊಳಗಿನ ಕ್ಯಾಮೆರಾದ ಅಳತೆ ತಪ್ಪಿತು. ಹೊರಗೆ ಒಂದು ಗೀರಿಲ್ಲ. ಕಿಂಡಿಯಲ್ಲಿ ನೋಡಿದರೆ ಎರಡು ನೋಟ ಒಂದಾಗುತ್ತವೆ, ಆದರೆ ಚಿತ್ರದಲ್ಲಿ ಮೂಗಿಗೆ ಹಿಡಿದ ಫೋಕಸ್ ಕಿವಿಯ ಹಿಂದೆ ಹೋಗಿ ಕೂತಿರುತ್ತದೆ. ಒಳಗಿರುವುದು ಒಂದು ಪುಟ್ಟ ತೋಳು. ಲೆನ್ಸ್ ಮುಂದೆ ಹಿಂದೆ ಸರಿದಂತೆ ಅದರ ಹಿಂಬದಿಯನ್ನು ಸವರುತ್ತ ತೋಳೂ ಸರಿಯುತ್ತದೆ. ತೋಳಿನ ತುದಿಯಲ್ಲೊಂದು ಚಕ್ರ. ಆ ಚಕ್ರ ಕೂದಲೆಳೆಯಷ್ಟು ಅತ್ತಿತ್ತ ಆದರೆ ಸಾಕು. ದೂರದ ಊರಿನ ಸರ್ವಿಸ್ ಕೇಂದ್ರಕ್ಕೆ ಕಳಿಸಿದರೆ ತಿಂಗಳುಗಟ್ಟಲೆ ಹಾದಿ ಕಾಯಬೇಕು. ಅಮಾವಾಸ್ಯೆ ಎದುರಿಗಿತ್ತು.

ಹೊರಳಿ ಆಳಂದಕ್ಕೆ ಹೋಗಿ ಬೈಕ್ ರಿಪೇರಿಯ ಮಿಸ್ತ್ರಿಯ ಮುಂದೆ ಕೂತೆ. ಬೇಕಾಗಿದ್ದದ್ದು ಎರಡು ಮಿಲಿಮೀಟರಿನ ಅಲನ್ ಕೀ ಒಂದೇ. ಮಿಸ್ತ್ರಿ ಕೊಡುವ ಮೊದಲು ಯಾತಕ್ಕೆಂದು ಕೇಳಿದ. ಹೇಳಿದೆ. ಕೈ ತೊಳೆದು, ಬನಿಯನ್ನಿಗೆ ಒರೆಸಿಕೊಂಡು, ಕ್ಯಾಮೆರಾ ಇಸಿದುಕೊಂಡು ಕಿಂಡಿಯಲ್ಲಿ ನೋಡಿದ.

“ಇದ್ರಾಗ ನಡುವ ಎರಡೆರಡು ಕಾಣ್ಲತ್ತಾವಲ್ರಿ ಸರ.”

“ಅವೆರಡೂ ಒಂದಾಗಬೇಕು. ಆ ಟಾವರ್ ನೋಡು, ಲೆನ್ಸಿನ ಮ್ಯಾಲೆ ಅಡ್ಡ ಮಲಗಿದ 8 ಅದ ಅಲ್ಲ, ಅಲ್ಲಿಗಿಟ್ಟಾಗ ಟಾವರ್ ಒಂದೇ ಕಾಣಬೇಕು.”

“ಅಂದ್ರ ಕಾರ್ಬೊರೇಟರ್ ಟ್ಯೂನಿಂಗ್ ಇದ್ದಂಗ ಅದ ಬಿಡ್ರಿ.”

ದೂರದ ಮೊಬೈಲ್ ಟಾವರನ್ನು ನಾವು ಅನಂತ ಎಂದು ಹಿಡಿದೆವು. ಕಿಲೋಮೀಟರಿನ ಆಚೆಗಿನದ್ದೆಲ್ಲ ಈ ಕ್ಯಾಮೆರಾಕ್ಕೆ ಅನಂತವೇ. ನನ್ನ ಕೈ ನಡುಗುತ್ತಿತ್ತು; ಕೀ ಮಿಸ್ತ್ರಿಯ ಕೈಯಲ್ಲೇ ಉಳಿಯಿತು. ಲೆನ್ಸ್ ತೆಗೆದು ಒಂದು ಎಳೆ ತಿರುಗಿಸುವುದು, ಹಾಕಿ ನೋಡುವುದು, ಮತ್ತೆ ತೆಗೆಯುವುದು. ಅನಂತ ಸರಿಹೋದಾಗ ಹತ್ತಿರದ್ದು ತಪ್ಪಿತು. ಹತ್ತಿರದ್ದಕ್ಕೆ ಬೇರೆ ತಿರುಪು ಇದೆ. ಅದನ್ನು ಸರಿಪಡಿಸಿದರೆ ಅನಂತ ಸ್ವಲ್ಪ ಜಾರಿತು. ಬೆಂಚಿನ ಮೇಲೆ ಟೇಪು ಹಾಸಿ, ಒಂದು ಮೀಟರಿನ ಗುರುತಿಗೆ ಸ್ಪಾರ್ಕ್ ಪ್ಲಗ್ ನಿಲ್ಲಿಸಿ, ಅದಕ್ಕೂ ಟಾವರಿಗೂ ರಾಜಿ ಮಾಡಿಸುವಷ್ಟರಲ್ಲಿ ಎರಡು ತಾಸು ಹೋಯಿತು. ಮಿಸ್ತ್ರಿ ದುಡ್ಡು ಮುಟ್ಟಲಿಲ್ಲ. ತನ್ನ ಅಂಗಡಿಯ ಒಂದು ಫೋಟೊ ತೆಗೆಯಲು ಹೇಳಿದ. ತೆಗೆದೆ. ಕೆಳಗಿನ ಬಲಮೂಲೆಯಲ್ಲಿ ಆಯಿಲ್ ಡಬ್ಬಿ.

ಬೈಕಿನಲ್ಲಿ ಊರಿಗೆ ಮರಳುವಾಗ ಲ್ಯಾಂಬ್ಟನ್ ನೆನಪಾದ. ವಿಲಿಯಂ ಲ್ಯಾಂಬ್ಟನ್ ಎಂಬ ಆ ಇಂಗ್ಲಿಷ್ ಸೈನ್ಯಾಧಿಕಾರಿ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ನೆಲದ ಮೇಲೆ ನೂರಡಿ ಉಕ್ಕಿನ ಸರಪಳಿ ಹಾಸಿ ಒಂದು ಗೆರೆ ಅಳೆದ. ಆ ಗೆರೆಯ ಎರಡು ತುದಿಗಳಿಂದ ದೂರದ ಒಂದು ಗುಡ್ಡ ನೋಡಿ ಎರಡು ಕೋನ ಹಿಡಿದರೆ ಗುಡ್ಡ ಎಷ್ಟು ದೂರವೆಂದು ಕಾಗದದ ಮೇಲೆ ತಿಳಿಯುತ್ತದೆ. ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ದಕ್ಷಿಣ ಭಾರತವನ್ನೆಲ್ಲ ಅಳೆದು, 1815ರಲ್ಲಿ ನಮ್ಮ ಮಗ್ಗುಲ ಬೀದರಿನ ಬಳಿ ಮತ್ತೊಂದು ಗೆರೆ ಹಾಕಿ ಲೆಕ್ಕ ತಾಳೆ ನೋಡಿದ. ನನ್ನ ಕ್ಯಾಮೆರಾ ಮಾಡುವುದೂ ಅದನ್ನೇ. ಅವನದು ಮೈಲುಗಟ್ಟಲೆ ಉದ್ದದ ಗೆರೆ. ಇದರದು ಎರಡು ಕಿಟಕಿಗಳ ನಡುವಿನ ನಾಲ್ಕು ಬೆರಳು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಅವನ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಹಗ್ಗ ಕಟ್ಟಿ ಏರಿಸುವಾಗ ಹಗ್ಗ ಹರಿದು ಅದು ಗೋಡೆಗೆ ಅಪ್ಪಳಿಸಿತು. ಅಂಥದ್ದು ಇನ್ನೊಂದು ಬೇಕೆಂದರೆ ಹಡಗಿನಲ್ಲಿ ಬರಬೇಕು. ಲ್ಯಾಂಬ್ಟನ್ ಡೇರೆಯೊಳಗೆ ವಾರಗಟ್ಟಲೆ ಕೂತು, ಸೊಟ್ಟಗಾದ ಚಕ್ರವನ್ನು ಎಳೆ ಎಳೆಯಾಗಿ ತಟ್ಟಿ ತಾನೇ ನೆಟ್ಟಗೆ ಮಾಡಿದ. ಆಳಂದದ ಬೆಂಚಿನ ಮೇಲಿನ ಎರಡು ತಾಸನ್ನು ಅದರ ಪಕ್ಕಕ್ಕಿಡುವುದು ಅತಿಯಾಯಿತು, ಗೊತ್ತು. ಆದರೂ ನೆನಪಾದ.

ಕಾಕಾ ಮೋಜಣಿಯ ಸರಪಳಿ ಹಿಡಿದವರಲ್ಲ, ಕೂರಿಗೆ ಹಿಡಿದವರು. ಆದರೆ ಅವರ ಕಣ್ಣೇ ಒಂದು ರೇಂಜ್‌ಫೈಂಡರ್ ಎಂಬುದು ಅಮಾವಾಸ್ಯೆಯ ದಿನ ಹೊಲದಲ್ಲಿ ಗೊತ್ತಾಯಿತು. ಬದುವಿನ ಮೇಲೆ ನಿಂತು ಬನ್ನಿ ಗಿಡ ತೋರಿಸಿ ಎಷ್ಟು ದೂರವೆಂದು ಕೇಳಿದೆ. “ಮೂರು ಮಾರು” ಅಂದರು, ಕಣ್ಣು ಕಿರಿದು ಮಾಡದೆ. ಮಾರು ಅಂದರೆ ಎರಡೂ ತೋಳು ಚಾಚಿದ ಉದ್ದ, ಆರಡಿ. ಕ್ಯಾಮೆರಾ ಹಿಡಿದು ಗಿಡದ ಬೊಡ್ಡೆಯ ಎರಡು ನೋಟ ಕೂಡಿಸಿ ಉಂಗುರ ನೋಡಿದರೆ ಗೆರೆ 5 ಮೀಟರನ್ನು ತುಸುವೇ ದಾಟಿ ನಿಂತಿತ್ತು. ಮೂರು ಮಾರು ಅಂದರೆ ಐದೂವರೆ ಮೀಟರ್. ಮತ್ತೆ ಕೇಳಿದೆ, ಬೇರೆ ಬೇರೆ ಗುರುತು ತೋರಿಸಿದೆ. ಒಂದೆರಡು ಕಡೆ ಅವರಿಗೂ ಉಂಗುರಕ್ಕೂ ಭಿನ್ನಾಭಿಪ್ರಾಯ ಬಂತು. ಅಲ್ಲಿ ನಾನು ಉಂಗುರದ ಪಕ್ಷ ಹಿಡಿಯಲಿಲ್ಲ.

ಅದರಿಂದ ಒಂದು ಉಪಕಾರವಾಯಿತು. ಚರಗ ಚೆಲ್ಲುವಾಗ ಫೋಕಸ್ ಮಾಡುತ್ತ ಕೂರಲಾಗದು. ಸುಣ್ಣ ಬಳಿದ ಐದು ಕಲ್ಲಿಟ್ಟು ಪಾಂಡವರ ಪೂಜೆ ಮುಗಿದ ಮೇಲೆ, ಭಜ್ಜಿ, ಕಡುಬು, ರೊಟ್ಟಿ ಕಲಸಿದ ಎಡೆಯನ್ನು ಬುಟ್ಟಿಯಲ್ಲಿ ಹಿಡಿದು ಕಾಕಾ ಬೆಳೆಯ ನಡುವೆ ಬೀಸುಗಾಲಲ್ಲಿ ಹೊರಡುತ್ತಾರೆ. ಹಿಂದೆ ನೀರು ಚಿಮುಕಿಸುತ್ತ ಇನ್ನೊಬ್ಬರು. ಕೈ ಬುಟ್ಟಿಗೆ ಹೋಗುವುದೂ ಎಡೆ ಗಾಳಿಗೆ ಏರುವುದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಎರಡು ಮೂಗು ಒಂದು ಮಾಡುತ್ತ ನಿಂತರೆ ಕಾಕಾ ಆಚೆ ಬದುವಿಗೆ ಮುಟ್ಟಿರುತ್ತಾರೆ. ಅದಕ್ಕೆ ಲೆಕ್ಕ ಮೊದಲೇ ಹಾಕಿಡಬೇಕು. 35 ಮಿಲಿಮೀಟರಿನ ಲೆನ್ಸು, ಅಪರ್ಚರ್ 8, ಉಂಗುರ 3 ಮೀಟರಿಗೆ. ಪೂರ್ಣ ಅಳತೆಯ ಸೆನ್ಸರಿನಲ್ಲಿ ಹೀಗಿಟ್ಟರೆ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇದ್ದದ್ದೆಲ್ಲ ಒಪ್ಪುವಷ್ಟು ನಿಚ್ಚಳ. ಕಾಕಾರ ಭಾಷೆಯಲ್ಲಿ ಒಂದು ಮಾರಿನಿಂದ ನಾಲ್ಕು ಮಾರಿಗೆ ತುಸು ಕಮ್ಮಿ. ಆಮೇಲೆ ಉಂಗುರ ಮುಟ್ಟುವ ಹಾಗಿಲ್ಲ. ಕಾಕಾ ಮುಂದೆ ಬಂದಂತೆ ನಾನು ಹಿಂದೆ ಸರಿಯಬೇಕು, ಅಷ್ಟೇ.

ಜೋಳದ ಸಾಲಿನಲ್ಲಿ ಹಿಮ್ಮುಖ ನಡೆಯುವುದು ಹೇಳಿದಷ್ಟು ಸಲೀಸಲ್ಲ. ಎರಡು ಸಲ ಹೆಂಟೆಗೆ ಎಡವಿದೆ. ಏಳೆಂಟು ಚಿತ್ರ ಆಗುವಷ್ಟರಲ್ಲಿ ಕ್ಯಾಮೆರಾದ ಕೆಂಪು ದೀಪ ಮಿಟುಕಲು ಶುರುವಾಯಿತು. ತಿಂದದ್ದನ್ನು ಅರಗಿಸಿಕೊಳ್ಳುವವರೆಗೆ ಅದು ಮುಂದಿನ ತುತ್ತು ಮುಟ್ಟದು. ಕೆಲವು ಕ್ಷಣ ಸುಮ್ಮನೆ ಬರಿಗಣ್ಣಿನಿಂದ ನೋಡಿದೆ. ಕುಸುಬಿ ಹೊಲದ ಅಂಚಿನಲ್ಲಿ ಚಿಕ್ಕ ಹುಡುಗರು ಕೂಗುತ್ತಿದ್ದರು. ಗಾಳಿಗೆ ಏರಿದ ಎಡೆ ಒಂದು ಗಳಿಗೆ ಅಲ್ಲೇ ನಿಂತು, ಹರಡಿಕೊಂಡು, ತೆನೆಗಳ ಮೇಲೆ ಉದುರಿತು. ದೀಪ ಆರುವುದರೊಳಗೆ ಅದು ಮುಗಿಯಿತು. ಆ ದಿನದ ಒಳ್ಳೆಯ ಚಿತ್ರ ಅದೇ, ಕಾರ್ಡಿನಲ್ಲಿ ಇಲ್ಲ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡುವಾಗೆಲ್ಲ ಅವರು ಜನರಿಂದ ಎಷ್ಟು ದೂರ ನಿಂತಿದ್ದರು ಎಂದು ಅಳೆಯುವ ಚಟ ನನಗೆ. ಮಕ್ಕಳು, ಮುದುಕರು, ಹಾದಿಬದಿಯವರು ಅವರ ಚಿತ್ರಗಳಲ್ಲಿ ಕ್ಯಾಮೆರಾ ಇದೆಯೆಂಬುದನ್ನೇ ಮರೆತ ಹಾಗಿರುತ್ತಾರೆ. ಹತ್ತಿರ ಇದ್ದಾರೆ, ಆದರೆ ಮೈಮೇಲೆ ಬಿದ್ದಿಲ್ಲ. ಅದೇ ಕಣ್ಣಿನಿಂದ ನನ್ನ ಹತ್ತು ವರ್ಷದ ಖಜೂರಿ ಚಿತ್ರಗಳನ್ನು ನೋಡಿಕೊಂಡೆ. ಹೆಚ್ಚಿನವು 3 ಮೀಟರಿನವು. ಹೊಲದಲ್ಲಿ ಅನುಕೂಲಕ್ಕೆಂದು ಇಟ್ಟುಕೊಂಡ ದೂರ ಪಡಸಾಲೆಗೂ ಬಂದು ಕೂತಿದೆ. ಬೀಗರು ನಿಲ್ಲುವ ದೂರ ಅದು.

ಪಡಸಾಲೆಯ ಆ ಸಂಜೆ ದೊಡ್ಡವ್ವ ಹಿಂದೆ ಸರಿಯಲಿಲ್ಲ. ಕ್ಯಾಮೆರಾ ಕಸಿದುಕೊಂಡವಳಂತೆ ಹಿಡಿದು, ಮುಂದೆ ತಿರುಗಿಸಿ, ಎರಡು ಕಿಟಕಿಗಳಲ್ಲಿ ಇಣುಕಿದಳು. “ಇಷ್ಟು ಸಣ್ಣ ಕಿಂಡ್ಯಾಗ ನಾ ಹಿಡೀತೀನೇನು?” ಕೊಟ್ಟಾಗ ಸಣ್ಣ ಕಿಟಕಿಯ ಗಾಜಿನ ಮೇಲೆ ಅವಳ ಹೆಬ್ಬೆಟ್ಟಿನ ಹಿಟ್ಟಿನ ಗುರುತು ಬಿದ್ದಿತ್ತು. ಕಿಂಡಿಯಲ್ಲಿ ನೋಡಿದರೆ ನಡುವಿನ ಚೌಕವೇ ಮಾಯ. ಕೂಡಿಸಲು ಎರಡನೆಯ ಮೂಗೇ ಇಲ್ಲ! ಒರೆಸುತ್ತ ಕೂತರೆ ಬಿಸಿಲು ಹೋಗುತ್ತದೆ. ಉಂಗುರವನ್ನು ಕೊನೆಯವರೆಗೆ ತಿರುಗಿಸಿ, ಅಪರ್ಚರ್ ಆದಷ್ಟು ಕಿರಿದು ಮಾಡಿ, ಅವಳು ಮಾತಾಡುತ್ತಿದ್ದಂತೆಯೇ ಅಂದಾಜಿನ ಮೇಲೆ ಒತ್ತಿದೆ. ಒಂದೇ ಒಂದು. ಬೆಳಕು ಬಾಗಿಲು ದಾಟಿ ಹೋಯಿತು.

ಆಳಂದದ ಸ್ಟುಡಿಯೊದಲ್ಲಿ ಅದರ ಪ್ರಿಂಟ್ ಹಾಕಿಸಿದೆ. ಮುಖ ಮಬ್ಬಾಗಿದೆ. ಹಿಂದಿನ ಗೋಡೆಯ ಮಾಡ, ಅದರೊಳಗಿನ ದೀಪ, ಮಸಿ ಹಿಡಿದ ಅಂಚು ಎಲ್ಲ ಒಂದೊಂದಾಗಿ ಎಣಿಸಬಹುದು. ಸ್ಟುಡಿಯೊದ ಹುಡುಗ, “ಸರ, ಇದು ಔಟ್ ಅದ, ಬ್ಯಾರೆ ಹಾಕ್ರಿ” ಅಂದ. ಬೇರೆ ಇರಲಿಲ್ಲ.

ಪ್ರಿಂಟು ಕೈಗೆ ಕೊಟ್ಟಾಗ ದೊಡ್ಡವ್ವ ಅದನ್ನು ಮೊದಲು ಮೂಗಿನ ಹತ್ತಿರ ತಂದಳು. ಅಲ್ಲೇನೂ ಕಾಣಲಿಲ್ಲ. ಚಾಳೀಸು ಎಲ್ಲಿಟ್ಟಿದ್ದಳೋ, ಹುಡುಕಲೂ ಹೋಗಲಿಲ್ಲ. ನಿಧಾನಕ್ಕೆ ತೋಳು ಚಾಚಿದಳು. ಚಿತ್ರವನ್ನು ದೂರ, ಇನ್ನಷ್ಟು ದೂರ ಸರಿಸಿ, ತಲೆಯನ್ನೂ ತುಸು ಹಿಂದಕ್ಕೊಯ್ದು, ಒಂದು ಕಡೆ ನಿಲ್ಲಿಸಿದಳು. ಕಾಕಾ ನನ್ನ ಕಡೆ ನೋಡಿ ಮೊಣಕೈ ಮುಟ್ಟಿಕೊಂಡರು. ಒಂದೂವರೆ ಮೊಳ.

“ಹಾಂ, ಈಗ ಕಾಣ್ಲತ್ತದ ನೋಡು,” ಅಂದಳು.